ವ್ಯಾಸರಾಜರ ಎರಡು ಕೀಲಿಮಣೆ

ಮಕ್ತಲ್‌ನ ವ್ಯಾಸರಾಜರ ಬಲಗೈ ಮಜ್ಜಿಗೆ ಲೋಟದೊಳಗೆ ಅದ್ದಿದ್ದು ಏಪ್ರಿಲ್ ತಿಂಗಳ ಒಂದು ದಶಮಿಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಎದುರಿಗೆ ಮರಿಕಲ್ ಕಡೆಯ ನಾಗಯ್ಯ ಎಂಬ ರೈತ ಹೊಲದ ಅರ್ಜಿ ಬರೆಸಲು ಕುಳಿತಿದ್ದ. ಸರ್ವೆ ನಂಬರು ಕೇಳಿದರು. ನಾಗಯ್ಯ ನೂರಾ ನಲವತ್ತೆರಡು ಎಂದ. ವ್ಯಾಸರಾಜರ ಕಣ್ಣು ಪರದೆಯ ಮೇಲಿತ್ತು, ಎಡಗೈ ಕಾಗದದ ಮೇಲಿತ್ತು. ಬಲಗೈ ಮಾತ್ರ ಇಪ್ಪತ್ತೇಳು ವರ್ಷದ ಅಭ್ಯಾಸದಂತೆ ಕೀಲಿಮಣೆಯ ಬಲತುದಿಗೆ ಹೋಗಿ ಒಂದು, ನಾಲ್ಕು, ಎರಡು ಎಂದು ಕುಟ್ಟಿತು. ಅಂಕಿಗಳು ಅಲ್ಲಿರಲಿಲ್ಲ. ಅವುಗಳ ಜಾಗದಲ್ಲಿ ಅವರ ಹೆಂಡತಿ ಕೃಷ್ಣಪ್ರಿಯಾ ಇಟ್ಟುಹೋದ ಮಜ್ಜಿಗೆ ಇತ್ತು. ಒಂದರ ಪೆಟ್ಟು ಲೋಟದ ಅಂಚಿಗೆ ಬಡಿಯಿತು, ನಾಲ್ಕರದು ಮಜ್ಜಿಗೆಯಲ್ಲಿ ಮುಳುಗಿತು, ಎರಡರದು ಲೋಟವನ್ನು ನಾಗಯ್ಯನ ಪಂಚೆಯ ಮೇಲೆ ಕೆಡವಿತು.

ನಾಗಯ್ಯ ಮೊಣಕಾಲ ಮೇಲಿನ ಕರಿಬೇವಿನ ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟ. "ನಂಬರ್ ಬಿತ್ತೇನ್ರಿ ಸ್ವಾಮಿ?" ಎಂದ.

ನಾನು ಅಲ್ಲೇ ಬೆಂಚಿನ ಮೇಲಿದ್ದೆ. ನಾರಾಯಣಪೇಟೆಯಿಂದ ಹದಿನೈದು ದಿನಕ್ಕೊಮ್ಮೆ ನನ್ನ ಬರಹ ಟೈಪು ಮಾಡಿಸಲು ಹೋಗುತ್ತೇನೆ. ವ್ಯಾಸರಾಜರು ನನ್ನ ಹಸ್ತಪ್ರತಿಯನ್ನು ಅರ್ಜಿಯಷ್ಟೇ ಗಂಭೀರವಾಗಿ ಓದಿ, ನಡುನಡುವೆ ತಲೆ ಎತ್ತಿ, "ಇಲ್ಲಿ ನಗಬೇಕೇನ್ರಿ?" ಎಂದು ಕೇಳಿಕೊಂಡು ಮುಂದೆ ಹೋಗುತ್ತಾರೆ. ಅಂಥ ಮನುಷ್ಯನ ಕೈ ಜಾರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವರಿಗೀಗ ಐವತ್ನಾಲ್ಕು. ಅವರ ವಂಶದ ಒಂದು ಕವಲು ಗುಡಿಗೆ, ಇನ್ನೊಂದು ಕಚೇರಿಗೆ. ಅಜ್ಜ ನಿಜಾಮರ ಕಾಲದಲ್ಲಿ ಕಾಗದಪತ್ರ ನೋಡುವ ಪೇಶಕಾರರಾಗಿದ್ದರು. ಅಣ್ಣ ವಾದಿರಾಜರು ಹನುಮಂತರಾಯನ ಪೂಜೆ ನೋಡಿಕೊಳ್ಳುತ್ತಾರೆ. ತಮ್ಮನಾದ ಇವರು ತಹಸೀಲ್ ಕಚೇರಿಯ ಹಿಂದಿನ ಓಣಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ, ಊರಿನವರ ಅರ್ಜಿಗಳನ್ನು ಟೈಪು ಮಾಡುತ್ತಾರೆ. ಮಹಾಭಾರತವನ್ನು ವ್ಯಾಸರು ಹೇಳಿದರು, ಗಣಪತಿ ಬರೆದ. ಮಕ್ತಲ್‌ನಲ್ಲಿ ಊರೆಲ್ಲ ಹೇಳುತ್ತದೆ, ವ್ಯಾಸರೇ ಬರೆಯುತ್ತಾರೆ. ಗಣಪತಿಯ ಹೊಟ್ಟೆ ಮಾತ್ರ ಪಾಠಾಂತರವಿಲ್ಲದೆ ಇವರಿಗೆ ಬಂದಿದೆ.

ಅರ್ಜಿಗಿಂತ ದೊಡ್ಡ ಜವಾಬ್ದಾರಿ ಇನ್ನೊಂದಿದೆ. ಮಕ್ತಲ್, ಗದ್ವಾಲ, ನಾರಾಯಣಪೇಟೆಯ ಇನ್ನೂರಾ ಹನ್ನೆರಡು ವೈಷ್ಣವ ಮನೆಗಳಿಗೆ ಪ್ರತಿ ದಶಮಿಯಂದು ವ್ಯಾಸರಾಜರ ಒಂದು ಮೆಸೇಜು ಹೋಗುತ್ತದೆ. ನಾಳೆ ಏಕಾದಶಿ ಉಪವಾಸ, ನಾಡಿದ್ದು ದ್ವಾದಶಿ, ಪಾರಣೆ ಇಷ್ಟು ಗಂಟೆಗೆ ಎಂದು. ಪಾರಣೆ ಎಂದರೆ ಉಪವಾಸ ಬಿಡುವ ಊಟ. ಅದನ್ನು ಹೊತ್ತಿಗೆ ಸರಿಯಾಗಿ ಮಾಡದಿದ್ದರೆ ಹಿಂದಿನ ದಿನ ನೀರೂ ಮುಟ್ಟದೆ ಕುಳಿತದ್ದು ಗಾಳಿಗೆ ಹೋದಂತೆ. ಮಠದ ಪಂಚಾಂಗ ಕಾಲವನ್ನು ಘಳಿಗೆಯಲ್ಲಿ ಕೊಡುತ್ತದೆ, ಜನರ ಕೈಯಲ್ಲಿರುವುದು ಗಡಿಯಾರ. ಒಂದು ಘಳಿಗೆಗೆ ಇಪ್ಪತ್ನಾಲ್ಕು ನಿಮಿಷ ಎಂದು ಗುಣಿಸಿ, ಸೂರ್ಯೋದಯಕ್ಕೆ ಕೂಡಿಸಿ, ಗಂಟೆ ನಿಮಿಷ ಮಾಡಿ ಕಳಿಸುವವರು ಇವರು. ಹನ್ನೊಂದು ವರ್ಷ ಒಂದು ದಶಮಿಯನ್ನೂ ತಪ್ಪಿಸಿಲ್ಲ. ಮಗಳ ಮದುವೆಯ ದಿನ ಧಾರೆಗೆ ಮೊದಲು ಒಳಗೆ ಹೋಗಿ ಕಳಿಸಿ ಬಂದಿದ್ದರು.

ನಮಗೆ ಅವರ ಮೇಲೆ ಗೌರವ ಹುಟ್ಟಲು ಇಷ್ಟು ಸಾಕಾಗಿತ್ತು. ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಿದ್ದರು, ಪೇಢೆ ಕೊಟ್ಟರೆ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ದಾಟಿಸುತ್ತಿದ್ದರು. ನಾವು ಅದನ್ನೂ ವೈರಾಗ್ಯದ ಖಾತೆಗೇ ಹಾಕಿದ್ದೆವು.

ಈಗ ಮಜ್ಜಿಗೆಗೆ ಕಾರಣವಾದ ಕೀಲಿಮಣೆಯ ವಿಷಯ.

ವ್ಯಾಸರಾಜರಿಗೆ ಚಿಕ್ಕಂದಿನಿಂದ ರಾಯಚೂರು ಬಸ್ಸಿನ ಡ್ರೈವರಾಗುವ ಆಸೆ. ಪೇಶಕಾರರ ಮೊಮ್ಮಗ ಖಾಕಿ ಹಾಕುವುದನ್ನು ಮನೆಯಲ್ಲಿ ಯಾರೂ ಒಪ್ಪಲಿಲ್ಲ, ಸ್ಕೂಟರನ್ನೂ ಕಲಿಯಗೊಡಲಿಲ್ಲ. ಐವತ್ತು ದಾಟಿದ ಮೇಲೆ, ಮನೆಯ ಕಂಪ್ಯೂಟರಿನಲ್ಲಿ, ಜರ್ಮನಿಯ ಯಾವುದೋ ಊರಿನ ಬೀದಿಗಳಲ್ಲಿ ಬಸ್ಸು ಓಡಿಸುವ ಆಟವೊಂದು ಅವರಿಗೆ ಸಿಕ್ಕಿತು. ಅಂದಿನಿಂದ ಸಂಜೆ ಸಂಧ್ಯಾವಂದನೆ ಮುಗಿಸಿ ಡ್ಯೂಟಿಗೆ ಏರುತ್ತಾರೆ. ಕೆಂಪು ದೀಪ ಹಾರುವುದಿಲ್ಲ. ಮುದುಕಿಯೊಬ್ಬಳು ದೂರದಿಂದ ನಿಧಾನಕ್ಕೆ ಬರುತ್ತಿದ್ದರೆ ಬಾಗಿಲು ತೆರೆದು ಕಾಯುತ್ತಾರೆ, ಆಟದಲ್ಲಿ ಅದಕ್ಕೆ ಅಂಕ ಕಡಿಮೆಯಾದರೂ. ಪಕ್ಕದ ಸ್ಟೂಲಿನ ಮೇಲೆ ನೆರೆಮನೆಯ ಶ್ರೀರಾಮುಲು ಕುಳಿತಿರುತ್ತಾನೆ. ಗದ್ವಾಲ ರಾಯಚೂರು ರೂಟಿನಲ್ಲಿ ಮೂವತ್ತೊಂದು ವರ್ಷ ನಿಜವಾದ ಬಸ್ಸು ಓಡಿಸಿ, ಒಂದು ನಾಯಿಗೂ ತಾಗಿಸದೆ ರಿಟೈರ್ ಆದವನು. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಕೃಷ್ಣಪ್ರಿಯಾ ಅವರಿಗೆ ಈಗ ಆ ಊರಿನ ಹದಿನಾಲ್ಕು ಸ್ಟಾಪುಗಳ ಹೆಸರು ಬಾಯಿಪಾಠ.

ತೊಂದರೆ ಇದ್ದದ್ದು ಮೇಜಿನದು. ಅದು ಕೃಷ್ಣಪ್ರಿಯಾ ಅವರ ಹಳೆಯ ಹೊಲಿಗೆ ಮಷಿನ್ನಿನ ಮೇಜು. ಮಷಿನ್ನು ಹೋಗಿದೆ, ಪೆಡಲ್ ಉಳಿದಿದೆ. ಬಸ್ಸಿಗೆ ಬ್ರೇಕು ಬೇಕಾದಾಗ ವ್ಯಾಸರಾಜರು ಪೆಡಲನ್ನೂ ಒತ್ತುತ್ತಾರೆ. ಅದರಿಂದ ಬಸ್ಸು ನಿಲ್ಲುವುದಿಲ್ಲ, ಮನಸ್ಸು ನಿಲ್ಲುತ್ತದೆ. ಮೇಜಿನ ಅಗಲ ಎರಡು ಅಡಿ. ಹಳೆಯ ದೊಡ್ಡ ಕೀಲಿಮಣೆಯೇ ಒಂದೂವರೆ ಅಡಿ ತಿನ್ನುತ್ತಿತ್ತು. ಈ ಆಟದಲ್ಲಿ ಎಡಗೈ ಬೆರಳುಗಳು ಬಸ್ಸನ್ನು ಹೊರಳಿಸುತ್ತವೆ, ಬಲಗೈಯ ಮೌಸು ಡ್ರೈವರನ ಕುತ್ತಿಗೆ ಇದ್ದಂತೆ. ಉಳಿದ ಅರ್ಧ ಅಡಿಯಲ್ಲಿ ಕುತ್ತಿಗೆ ಹೊರಳಬೇಕು. ಬಲಕ್ಕೆ ನೋಡುವಷ್ಟರಲ್ಲಿ ಮೌಸು ಮೇಜಿನಿಂದ ಕೆಳಗೆ ಬೀಳುತ್ತಿತ್ತು, ಬಸ್ಸು ಯಾರದೋ ಹೂವಿನ ಅಂಗಡಿಗೆ ನುಗ್ಗುತ್ತಿತ್ತು.

"ಪಂತುಲೂ, ಬಲಕ್ಕ ನೋಡದ ಡ್ರೈವರ್ನ ನಮ್ಮ ಡಿಪೋದಾಗ ಟಿಕೆಟ್ ಹರಿಯಾಕ ಹಾಕ್ತಿದ್ವಿ," ಎಂದ ಶ್ರೀರಾಮುಲು. ಪಂತುಲು ಎಂದರೆ ತೆಲುಗಿನಲ್ಲಿ ಆಚಾರ್ಯರು.

ಕಂಡಕ್ಟರ್ ಆಗುವ ಅವಮಾನ ತಾಳದೆ ವ್ಯಾಸರಾಜರು ಹೈದರಾಬಾದಿನಿಂದ ಚಿಕ್ಕ ಕೀಲಿಮಣೆ ತರಿಸಿದರು. ಬಲಗಡೆಯ ಅಂಕಿಗಳ ಕಟ್ಟೆಯನ್ನೇ ಕತ್ತರಿಸಿ ಬಿಟ್ಟಂಥದ್ದು, ಒಂದು ಅಡಿಗೂ ಚೂರು ಕಮ್ಮಿ. ಅಂಕಿ ಬೇಕಿದ್ದರೆ ಅಕ್ಷರಗಳ ಮೇಲಿನ ಸಾಲಿನಲ್ಲಿ ಹುಡುಕಿಕೊಳ್ಳಬೇಕು. ಬಸ್ಸು ಅಂದಿನಿಂದ ದಿಟ್ಟವಾಗಿ ಬಲಕ್ಕೂ ನೋಡತೊಡಗಿತು. ಹಗಲು ದೊಡ್ಡದು, ಸಂಜೆ ಚಿಕ್ಕದು, ಹೀಗೆ ಎರಡಕ್ಕೂ ಮಣೆ ಹಾಕಿದರು. ಆದರೆ ಅವರ ಕಂಪ್ಯೂಟರ್ ಡಬ್ಬಿಯ ಹಿಂಭಾಗದಲ್ಲಿ ಕೀಲಿಮಣೆ ಚುಚ್ಚಲು ಉಳಿದಿದ್ದದ್ದು ಒಂದೇ ಜೀವಂತ ತೂತು. ಬದಲಿಸಬೇಕೆಂದರೆ ಮೇಜಿನ ಕೆಳಗೆ ಸಾಷ್ಟಾಂಗ ಬೀಳಬೇಕು, ಟಾರ್ಚು ಹಿಡಿಯಬೇಕು, ಹೊಟ್ಟೆ ಒಪ್ಪಬೇಕು. ಆ ದಶಮಿಯ ಬೆಳಿಗ್ಗೆ ಹೊಟ್ಟೆ ಒಪ್ಪಲಿಲ್ಲ. ಹಿಂದಿನ ಸಂಜೆಯ ಚಿಕ್ಕ ಕೀಲಿಮಣೆ ಹಾಗೆಯೇ ಉಳಿಯಿತು.

ಮಜ್ಜಿಗೆ ಒರೆಸಿದರು, ನಾಗಯ್ಯನಿಗೆ ಒಣ ಟವೆಲ್ ಕೊಟ್ಟರು, ಅರ್ಜಿ ಮುಗಿಸಿದರು. ಮಧ್ಯಾಹ್ನ ಅದೇ ಕೀಲಿಮಣೆಯಲ್ಲಿ ದಶಮಿಯ ಮೆಸೇಜು ಕಳಿಸಿದರು. ಪಾರಣೆ 7:40ರ ಮೇಲೆ ಎಂದಿರಬೇಕಿತ್ತು. ಮೇಲಿನ ಸಾಲಿನಲ್ಲಿ ಏಳರ ಪಕ್ಕದಲ್ಲೇ ಎಂಟು. 8:40 ಎಂದು ಹೋಯಿತು.

ಇನ್ನೂರಾ ಹನ್ನೆರಡು ಮನೆಗಳು ದ್ವಾದಶಿಯ ದಿನ ಅಡುಗೆ ಮುಗಿಸಿ, ಎಲೆ ಹಾಕಿ, ಗಡಿಯಾರ ನೋಡುತ್ತಾ ಒಂದು ತಾಸು ಹೆಚ್ಚಿಗೆ ಕುಳಿತವು. ಗೊತ್ತಾದದ್ದು ಗದ್ವಾಲದ ಸರಸ್ವತಿಬಾಯಿಯವರಿಂದ. ಎಪ್ಪತ್ತೊಂಬತ್ತು ವರ್ಷದ ಈ ಹಿರಿಯರು ವ್ಯಾಸರಾಜರಿಗೆ ದೂರದ ಸೋದರತ್ತೆ, ಆ ಇನ್ನೂರಾ ಹನ್ನೆರಡು ಮನೆಗಳ ಹೈಕೋರ್ಟು. ರಾಯಚೂರಿನಲ್ಲಿರುವ ಅವರ ತಂಗಿ ಎಂಟು ಗಂಟೆಗೆ ಫೋನು ಮಾಡಿ, ಊಟ ಆತೇನು ಅಕ್ಕಾ, ನಮ್ಮದು ಆತು ಎಂದಿದ್ದರು. ಅಕ್ಕ ತುಂಬಿದ ಎಲೆಯ ಮುಂದೆ ಕುಳಿತು ಆ ಮಾತು ಕೇಳಿಸಿಕೊಂಡರು.

ಸರಸ್ವತಿಬಾಯಿ ವ್ಯಾಸರಾಜರಿಗೆ ಫೋನು ಮಾಡಿದ್ದು ಊಟವಾದ ಮೇಲೆ, ಶಾಂತವಾಗಿ. "ಒಂದು ತಾಸು ಹೆಚ್ಚಿಗಿ ಉಪವಾಸ ಕೆಡವಿದಿ. ಅದರ ಪುಣ್ಯ ನನಗ ಬರೋದೋ, ನಿನಗ ಬರೋದೋ ವ್ಯಾಸಾ?" ಎಂದರು. ಉತ್ತರಕ್ಕೆ ಕಾಯದೆ ತಾವೇ ಮುಂದುವರಿಸಿದರು. "ಈ ಸಲ ಹಸಿದ್ವಿ, ಹೋಗ್ಲಿ. ಬರೋದು ಅಲ್ಪ ದ್ವಾದಶಿ ಐತಿ. ಅವತ್ತು ಹೀಂಗಾತಂದ್ರ ವ್ರತನೇ ಹೋಗ್ತೈತಿ. ನಿನ್ನ ಕೈಲೆ ಆಗೂದಿಲ್ಲಂದ್ರ ಈಗೇ ಹೇಳು, ನಮ್ಮ ಶ್ರೀವಲ್ಲಿ ಫೋನಿನ್ಯಾಗ ಪಂಚಾಂಗ ಐತಂತ."

ಅಲ್ಪ ದ್ವಾದಶಿ ಎಂದರೆ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಮುಗಿದುಹೋಗುವ ದ್ವಾದಶಿ. ಅಷ್ಟರೊಳಗೆ ಉಣ್ಣಬೇಕು. ಬೇಗ ಉಂಡರೆ ನಡೆದೀತು, ತಡವಾದರೆ ಮುಗಿಯಿತು. ಇನ್ನು ಮೊಮ್ಮಗಳು ಶ್ರೀವಲ್ಲಿಯ ಫೋನಿನ ಪಂಚಾಂಗ ಮಠದ ಲೆಕ್ಕಕ್ಕೆ ಹೊಂದುವಂಥದ್ದಲ್ಲ, ಕೆಲವು ಸಲ ಏಕಾದಶಿಯೇ ಒಂದು ದಿನ ಆಚೀಚೆ. ಹೈಕೋರ್ಟು ಅತ್ತ ಹೊರಳಿದರೆ ಮನೆಗಳೆಲ್ಲ ಹೊರಳುತ್ತವೆ, ಹನ್ನೊಂದು ವರ್ಷದ ನಂಬಿಕೆ ಒಂದು ಬೆರಳಿಗೆ ಹೋಗುತ್ತದೆ. ವ್ಯಾಸರಾಜರು ಆ ವಾರ ಎರಡು ಕಿಲೋ ಇಳಿದರು. ಇಳಿಯಲು ದಾಸ್ತಾನಿತ್ತು ಎನ್ನುವುದು ಬೇರೆ ಮಾತು.

ಬೇರೆಯವರಾದರೆ ಆಟದ ಕೀಲಿಮಣೆಯನ್ನು ಕಿಟಕಿಯಿಂದ ಎಸೆದು ಕೈತೊಳೆದುಕೊಳ್ಳುತ್ತಿದ್ದರು. ನಾನು ಅವರನ್ನು ಮೆಚ್ಚುವುದು ಇಲ್ಲಿ. ತಪ್ಪು ಯಾರದೆಂದು ಪರೀಕ್ಷೆ ಆಗದೆ ಶಿಕ್ಷೆ ಇಲ್ಲ ಎಂದರು. ಒಂದು ನೋಟುಬುಕ್ಕು ತೆಗೆದು ದೊಡ್ಡದಕ್ಕೆ ಐದು ದಿನ, ಚಿಕ್ಕದಕ್ಕೆ ಐದು ದಿನ ಕೊಟ್ಟರು. ಅರ್ಜಿಗಳೂ ಬಸ್ಸೂ ಎರಡರಲ್ಲೂ ನಡೆದವು. ದೊಡ್ಡದರಲ್ಲಿ ಅರ್ಜಿ ಹಾರಿದವು, ಬಸ್ಸು ಮೂರು ಸಲ ಹೂವಿನ ಅಂಗಡಿಗೆ ಹೋಯಿತು. ಚಿಕ್ಕದರಲ್ಲಿ ಬಸ್ಸು ಹದಿನಾಲ್ಕೂ ಸ್ಟಾಪು ಮುಟ್ಟಿತು, ಅರ್ಜಿಗಳು ಕುಂಟಿದವು, ಅಂಕಿಗಳು ಅಂಕೆಯಲ್ಲಿರಲಿಲ್ಲ. ನಡುವೆ ಯಾರೋ ಹೇಳಿದರೆಂದು ಅಂಕಿಗಳದ್ದೇ ಒಂದು ಪುಟ್ಟ ಬಿಡಿ ಮಣೆಯನ್ನು, ಒಂದೇ ತೂತಿಗೆ ಎರಡು ಚುಚ್ಚುವ ಕವಲು ವೈರಿನ ಸಮೇತ, ಎರವಲು ತಂದು, ಬಲಕ್ಕೆ ಜಾಗವಿಲ್ಲದ್ದರಿಂದ ಎಡಕ್ಕಿಟ್ಟರು. ಎಡಗೈಗೆ ಒಂದರಿಂದ ಒಂಬತ್ತರವರೆಗೆ ಕಲಿಸುವುದು ಮತ್ತೆ ಬಾಲವಾಡಿಗೆ ಸೇರಿಸಿದಂತಾಯಿತು. ಎರಡನೇ ದಿನ ವಾಪಸು ಕೊಟ್ಟರು.

ನೋಟುಬುಕ್ಕಿನಲ್ಲಿ ಅವರಿಗೇ ನಂಬಲಾಗದ ಇನ್ನೊಂದು ಸಾಲಿತ್ತು. ದೊಡ್ಡ ಕೀಲಿಮಣೆಯ ಐದು ದಿನಗಳಲ್ಲಿ ಸರ್ವೆ ನಂಬರುಗಳಲ್ಲಿ ಎರಡು ತಪ್ಪು. ಎರಡೂ ಸಲ ಆರರ ಜಾಗದಲ್ಲಿ ಒಂಬತ್ತು, ಏಕೆಂದರೆ ಆ ಕಟ್ಟೆಯಲ್ಲಿ ಆರರ ನೆತ್ತಿಯ ಮೇಲೇ ಒಂಬತ್ತು ಕುಳಿತಿದೆ. ಎರಡನ್ನೂ ಹಿಡಿದದ್ದು ಅರ್ಜಿದಾರರು, ಓದಿ ಹೇಳಿದಾಗ. ಇಪ್ಪತ್ತೇಳು ವರ್ಷದಲ್ಲಿ ಇಂಥವು ಎಷ್ಟು ಹೋಗಿರಬಹುದು ಎಂದು ಅವರು ನನ್ನನ್ನು ಕೇಳಿದರು. ನಾನು ಚಹಾ ಕುಡಿದೆ.

ಅಲ್ಪ ದ್ವಾದಶಿಗೆ ಐದು ದಿನ ಉಳಿದಿತ್ತು. ಅಂಕಿಗಳಲ್ಲೇ ಬದುಕುವ ಒಬ್ಬರನ್ನು ತೋರಿಸುತ್ತೇನೆ ಬನ್ನಿ ಎಂದು ನಾನು ಅವರನ್ನು ನಾರಾಯಣಪೇಟೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವರು ಡ್ರೈವರನ ಹಿಂದಿನ ಸೀಟೇ ಬೇಕೆಂದು ಎರಡು ಬಸ್ಸು ಬಿಟ್ಟರು.

ಕರುಣಾ ನಮ್ಮ ಓಣಿಯ ನೇಕಾರರ ಮನೆಯ ಹೆಣ್ಣುಮಗಳು, ನಲವತ್ತರ ಆಸುಪಾಸು. ಸೀರೆಗಳ ಅಂಚು, ಚೌಕಡಿಗಳ ವಿನ್ಯಾಸವನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಯಾವ ಬಣ್ಣದ ಎಳೆ ಎಷ್ಟು ಎಂಬುದೇ ಅದರ ಜೀವ. ಅವಳದ್ದು ದೊಡ್ಡ ಕೀಲಿಮಣೆ. ಅಂಕಿಗಳ ಕಟ್ಟೆಯಲ್ಲಿ ಬರೆದದ್ದೆಲ್ಲ ಸವೆದು ಬೋಳಾಗಿತ್ತು. ವ್ಯಾಸರಾಜರು ಅದನ್ನು ಗುಡಿಯ ಹಳೆಯ ಹೊಸ್ತಿಲು ನೋಡುವಂತೆ ನೋಡಿದರು.

ಅವಳು ಒಂದು ಚೌಕಡಿಯ ಲೆಕ್ಕ ತುಂಬಿಸಿ ಮುಗಿಸಿದಳು. ಇವರು ಕಾಯುತ್ತಿದ್ದದ್ದು ಕಾಗದ ಹೊರಬರುವುದನ್ನು. ಅದು ಬರಲಿಲ್ಲ. ಕರುಣಾ ಪರದೆ ನೋಡುತ್ತಾ ಪಡಸಾಲೆಯ ಕಡೆಗೆ ತೆಲುಗಿನಲ್ಲಿ ಕೂಗಿದಳು. ಅವರ ಮನೆಯ ಮಗ್ಗದ ಭಾಷೆ ತೆಲುಗು. "ಪದಹಾರು ಎರುಪು, ನಾಲುಗು ನಲುಪು." ಹದಿನಾರು ಕೆಂಪು, ನಾಲ್ಕು ಕಪ್ಪು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ಅವಳ ಗಂಡ ನರೇಂದ್ರ, ಕೈಕೆಲಸ ನಿಲ್ಲಿಸಿ, ಅದನ್ನೇ ತಿರುಗಿ ಕೂಗಿದ. ಹೀಗೆ ಒಂದೊಂದು ಸಾಲೂ ಹೋಯಿತು, ಬಂತು. ಕೊನೆಯ ಸಾಲು ತಿರುಗಿ ಬಂದ ಮೇಲೆಯೇ ಕಾಗದ ತೆಗೆದಳು.

ಇಷ್ಟು ವರ್ಷ ಮಾಡಿದ ಮೇಲೂ ಇದೇಕೆ ಎಂದು ವ್ಯಾಸರಾಜರು ಕೇಳಿದರು.

"ನಮ್ಮ ಮಾವನೋರ ಕಾಲದಿಂದ ಹಿಂಗೇರಿ ಸ್ವಾಮಿ. ಎಳಿ ಹಾಕೋದಕ್ಕಿಂತ ಮೊದಲು ತಿರುಗಿ ಹೇಳ್ಬೇಕು," ಎಂದಳು ಕರುಣಾ. "ನಾ ಬರೆದದ್ದು ನನಗ ಯಾವಾಗಲೂ ಸರಿನೇ ಕಾಣ್ತೈತಿ. ಇನ್ನೊಬ್ರ ಬಾಯಾಗ ಬಂದ್ರ ತಪ್ಪು ತಾನೇ ಎದ್ದು ನಿಂದರ್ತೈತಿ."

ದೊಡ್ಡ ಕೀಲಿಮಣೆ ಒಳ್ಳೆಯದೋ ಚಿಕ್ಕದೋ ಎಂದೂ ಕೇಳಿದರು. ಅವಳು ನಕ್ಕು, ಮೇಜು ಎಷ್ಟು ಅಗಲ ಐತಿ ನೋಡ್ರಿ, ಅದರ ಮ್ಯಾಲ ಕೂಡೂದು ತಗೋರಿ ಎಂದುಬಿಟ್ಟಳು. ಇವರ ಹತ್ತು ದಿನದ ನೋಟುಬುಕ್ಕು ಚೀಲದಲ್ಲೇ ಉಳಿಯಿತು.

ದಶಮಿ ಬಂತು. ನಾನು ಆ ಮಧ್ಯಾಹ್ನ ಮಕ್ತಲ್‌ನಲ್ಲೇ ಇದ್ದೆ. ಹೋಗದಿರಲು ಮನಸ್ಸಾಗಲಿಲ್ಲ. ವ್ಯಾಸರಾಜರು ಸ್ನಾನ ಮಾಡಿ, ಮುದ್ರೆ ಹಚ್ಚಿ, ಪಂಚಾಂಗ ಬಿಚ್ಚಿ ಕುಳಿತರು. ಮುಂದಿದ್ದದ್ದು ಚಿಕ್ಕ ಕೀಲಿಮಣೆ. ಮೇಜಿಗೆ ಕೂಡುವುದು ಅದೇ ಎಂದು ತೀರ್ಮಾನವಾಗಿತ್ತು. ದೊಡ್ಡದು ಹಳೆಯ ಪಂಚಾಂಗದ ಹಾಳೆಯಲ್ಲಿ ಸುತ್ತಿಸಿಕೊಂಡು ಅಕ್ಕಿ ಡಬ್ಬಿಯ ಮೇಲೆ ಪಿಂಚಣಿಗೆ ಹೋಗಿತ್ತು. ಮಜ್ಜಿಗೆ ಲೋಟವನ್ನು ಕೃಷ್ಣಪ್ರಿಯಾ ಕಿಟಕಿಯ ಕಟ್ಟೆಗೆ ವರ್ಗ ಮಾಡಿದ್ದರು. ಸ್ಟೂಲಿನ ಮೇಲೆ ಶ್ರೀರಾಮುಲು. ಸಂಜೆಯ ಡ್ಯೂಟಿಗೆ ಬರುವವನನ್ನು ಈ ಸಲ ಮಧ್ಯಾಹ್ನಕ್ಕೇ ಕರೆಸಿದ್ದರು.

ಸೂರ್ಯೋದಯ ಆರು ಗಂಟೆ ಎರಡು ನಿಮಿಷ. ದ್ವಾದಶಿ ಉಳಿಯುವುದು ಒಂದು ಘಳಿಗೆ ಐದು ವಿಘಳಿಗೆ, ಎಂದರೆ ಇಪ್ಪತ್ತಾರು ನಿಮಿಷ. ಆರು ಇಪ್ಪತ್ತೆಂಟರೊಳಗೆ ಪಾರಣೆ ಮುಗಿಯಬೇಕು. ಕಾಗದದ ಮೇಲೆ ಎರಡು ಸಲ ಮಾಡಿದರು, ಮೂರನೇ ಸಲ ಬೆರಳೆಣಿಸಿದರು. ಆಮೇಲೆ ಟೈಪು ಮಾಡಿದರು. ಸರಿಯಾಗಿದೆ ಎಂದು ತಮಗೆ ತಾವೇ ಓದಿಕೊಂಡರು. ನಾನೂ ಹೆಗಲ ಮೇಲಿಂದ ನೋಡಿದೆ. ಸರಿಯಾಗಿಯೇ ಇತ್ತು.

"ಶ್ರೀರಾಮುಲು, ಅಂಕಿ ಓದು," ಎಂದರು.

ಶ್ರೀರಾಮುಲುವಿಗೆ ಕನ್ನಡ ಅಕ್ಷರ ಕೂಡಿಸಿ ಓದುವುದು ಕಷ್ಟ. ಅವನ ಶಾಲೆ ತೆಲುಗು. ದ್ವಾದಶಿಯ ಗೊಡವೆ ಅವನಿಗಿಲ್ಲ. ಅವನು ಪರದೆಯತ್ತ ಬಾಗಿ, ಡಿಪೋದ ಬೋರ್ಡು ಓದುವವನಂತೆ ಓದಿದ. "ಏಡು ಇರವೈ ಎನಿಮಿದಿ."

ಏಳು ಇಪ್ಪತ್ತೆಂಟು.

ವ್ಯಾಸರಾಜರು ಇನ್ನೊಮ್ಮೆ ಓದು ಎಂದರು. ಅವನು ಇನ್ನೊಮ್ಮೆ ಅದನ್ನೇ ಓದಿ, "ಏಂ ಪಂತುಲೂ, ಬಂಡಿ ಲೇಟಾ?" ಎಂದ.

ಬಂಡಿ ಒಂದು ತಾಸು ಲೇಟಾಗಿತ್ತು. ಆರರ ಪಕ್ಕದ ಏಳಕ್ಕೆ ಬೆರಳು ಬಿದ್ದಿತ್ತು. ಬರೆದವರು ಓದಿ ಸರಿ ಎಂದಿದ್ದರು, ಕಾನ್ವೆಂಟಿನಲ್ಲಿ ಹತ್ತು ವರ್ಷ ಮಕ್ಕಳ ಅಂಕಿ ತಿದ್ದಿದ ನಾನೂ ಓದಿ ಸರಿ ಎಂದಿದ್ದೆ. ಇಬ್ಬರಿಗೂ ಆರು ಎಂದು ಮೊದಲೇ ಗೊತ್ತಿತ್ತಲ್ಲ, ಏಳು ಕಾಣಲಿಲ್ಲ. ಏನೂ ಗೊತ್ತಿಲ್ಲದವನಿಗೆ ಕಂಡಿತು. ಮೆಸೇಜು ಹೋಗಿದ್ದರೆ ಇನ್ನೂರಾ ಹನ್ನೆರಡು ಮನೆಗಳು ದ್ವಾದಶಿ ಮುಗಿದು ಒಂದು ತಾಸಾದ ಮೇಲೆ ನಿಶ್ಚಿಂತೆಯಿಂದ ಉಣ್ಣುತ್ತಿದ್ದವು.

ವ್ಯಾಸರಾಜರು ಕೀಲಿಮಣೆಗೆ ಬಾಗಿದರು. ಅಳಿಸಿ ತಿದ್ದಿದರು. ಶ್ರೀರಾಮುಲು ಮತ್ತೆ ಓದಿದ. ಈ ಸಲ ಆರು ಇಪ್ಪತ್ತೆಂಟು ಎಂದು ಬಂತು. ಆಗ ಕಳಿಸಿದರು. ಹೊಲಿಗೆ ಮಷಿನ್ನಿನ ಪೆಡಲನ್ನು ಅವರ ಕಾಲು ಅಷ್ಟು ಹೊತ್ತೂ ಒತ್ತಿ ಹಿಡಿದಿತ್ತು. ಆಗ ಮೆಲ್ಲಗೆ ಬಿಟ್ಟಿತು.

ದ್ವಾದಶಿ ದಾಟಿದ ಮರುದಿನ ನನ್ನ ಬರಹ ತರಲು ಹೋದೆ. ಮಾತಾಡುವುದಕ್ಕಿಂತ ಮೊದಲು ಫೋನು ನನ್ನ ಕೈಗಿತ್ತರು. ಗದ್ವಾಲದ ಹೈಕೋರ್ಟಿನ ತೀರ್ಪು ಅದರಲ್ಲಿತ್ತು. ಆರು ಹತ್ತಕ್ಕೆ ಎಲೆ ಮುಂದೆ ಕುಳಿತು, ಇಪ್ಪತ್ತೈದಕ್ಕೆ ಕೈತೊಳೆದೆವು, ಶ್ರೀವಲ್ಲಿಗೆ ಫೋನಿನ ಪಂಚಾಂಗ ತೆಗೆದುಹಾಕಲು ಹೇಳಿದ್ದೇನೆ, ಮುಂದೆಯೂ ನೀನೇ ಕಳಿಸು. ಅದರ ಕೆಳಗೆ ಮನೆಮನೆಯಿಂದ ಬಂದ ಕೈಮುಗಿದ ಚಿತ್ರಗಳ ದೊಡ್ಡ ಸಾಲು. ನಾಗಯ್ಯನ ಅರ್ಜಿ ಕೂಡ ಮಂಜೂರಾಗಿತ್ತು. ಅವನ ಪಂಚೆಯಲ್ಲಿ ಮಜ್ಜಿಗೆಯ ಕಲೆ ಹೋಗಿಲ್ಲವಂತೆ, ಶುಭ ಎಂದು ಹಾಗೇ ಉಡುತ್ತಾನಂತೆ.

ವ್ಯಾಸರಾಜರು ಚಿಕ್ಕ ಕೀಲಿಮಣೆಯನ್ನು ಮೆತ್ತಗೆ ಒರೆಸುತ್ತಿದ್ದರು. ಆರರಿಂದ ಏಳಕ್ಕೆ ಬೆರಳ ಅಗಲದ ಹಾದಿ. ಅಷ್ಟರಲ್ಲಿ ಇಷ್ಟು ಜನರ ಉಪವಾಸವನ್ನು ಕಾಯ್ದ ಮನುಷ್ಯ, ಆ ಬೆಳಗಿನ ಇಪ್ಪತ್ತಾರು ನಿಮಿಷವನ್ನು ತಾನು ಹೇಗೆ ಕಳೆದಿರಬಹುದು ಎಂದು ನನಗೆ ಕುತೂಹಲ. ನಾಲ್ಕಕ್ಕೇ ಎದ್ದು, ಮಡಿಯುಟ್ಟು, ಗಡಿಯಾರದ ಮುಂದೆ ಕುಳಿತ ಅವರ ಚಿತ್ರ ನನ್ನ ಕಣ್ಣಿಗೆ ಕಟ್ಟಿತ್ತು. ಅದನ್ನು ಬರೆಯಬೇಕೆಂದೂ ಇತ್ತು.

"ನಿಮ್ಮ ಪಾರಣಿ ಎಷ್ಟಕ್ಕ ಮುಗೀತ್ರಿ?" ಎಂದೆ.

ಅವರು ಒರೆಸುವ ಬಟ್ಟೆಯನ್ನು ಮಡಚಿಟ್ಟರು.

"ನಂದ್ಯಾವ ಪಾರಣಿ ರೀ. ಶುಗರ್ ಐತಿ ನನಗ, ಏಕಾದಶಿ ಬಿಟ್ಟು ಹನ್ನೆರಡು ವರ್ಷ ಆತು. ಹಿಂದಿನ ದಿನ ಎರಡು ಸಲ ಉಪ್ಪಿಟ್ಟು ತಿಂದಿದ್ದೆ. ಆರು ಇಪ್ಪತ್ತೆಂಟಕ್ಕ ಮಲಗಿದ್ದೆ."